ಮೂರು ಅಂದರೆ ಅತ್ತೆ

ರೂಡಿ ಮ್ಲಾಕರನ ಸೊಂಟಕ್ಕೆ ಪೇಜರು ಬಂದು ಕೂತದ್ದು ಬೀದಿಯವರ ಪ್ರೀತಿಯಿಂದ. ಬೇರೆ ಯಾವ ಕಾರಣದಿಂದ ಬಂದಿದ್ದರೂ ಅವನು ಅದನ್ನು ಈರೀ ಸರೋವರಕ್ಕೆ ಎಸೆದು ಕೈ ತೊಳೆದುಕೊಳ್ಳಬಹುದಿತ್ತು. ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯುವುದು ಹೇಗೆ?

ಹಿಂದಿನ ವರ್ಷ ಎಲೆ ಉದುರುವ ಕಾಲದಲ್ಲಿ ರೂಡಿ ಮನೆಯ ಮುಂದಿನ ಜಗಲಿಯ ಮೇಲೆ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಆಟ ಕೇಳುತ್ತಿದ್ದ. ಕ್ಲೀವ್‌ಲ್ಯಾಂಡಿನ ಹುಡುಗನೊಬ್ಬ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಗೋಡೆಯಾಚೆ ಹೊಡೆದ ಎಂದು ಕೇಳಿದ್ದೇ ತಡ, ಐವತ್ತೆಂಟು ವರ್ಷದ ರೂಡಿ ಎರಡೂ ಕೈ ಮೇಲೆತ್ತಿ ಹಾರಿದ. ಹಾರುವಾಗ ಕಾಲಡಿಯಲ್ಲಿ ಜಗಲಿ ಇತ್ತು, ಇಳಿಯುವಾಗ ಇರಲಿಲ್ಲ. ತಲೆ ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಉರುಳಿ, ಆಲೂಗಡ್ಡೆ ಮೂಟೆಯ ಹಾಗೆ ಬೇಲಿಗೆ ಆನಿಕೊಂಡು ಬಿದ್ದ.

ಪಕ್ಕದ ಮನೆಯ ಮಿಸೆಸ್ ಪೆರ್ಕೊ ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬರುವ ತನಕ ಕಾಯಲಾಗದ ಎದುರುಮನೆಯ ಎಡ್ಡಿ ಲಾವ್ರಿಚ್ ರೂಡಿಯನ್ನು ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ. ಅಲ್ಲಿ ಅವನಿಗೆ ಎಚ್ಚರವಾದಾಗ ಹಾಸಿಗೆಯ ಪಕ್ಕದಲ್ಲಿ ಹೆಂಡತಿಯ ತಾಯಿ, ಅತ್ತೆ ಯುಸ್ತಿನಾ, ಸ್ವೆಟರು ಹೆಣೆಯುತ್ತಾ, ಸೂಜಿ ಸರಿಯಾಗಿ ಚುಚ್ಚಲು ಬಾರದ ನರ್ಸನ್ನು ಬಯ್ಯುತ್ತಾ ಕೂತಿದ್ದಳು. ಡಾಕ್ಟರು ರಕ್ತದೊತ್ತಡ ನೋಡಿ, ಏನು ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಇನ್ನು ಮೇಲೆ ರೇಡಿಯೋದಲ್ಲಾಗಲಿ ಟಿವಿಯಲ್ಲಾಗಲಿ ಬೇಸ್‌ಬಾಲ್ ಕೂಡದು ಎಂದು ಬರೆದುಕೊಟ್ಟರು.

ಅಂದಿನಿಂದ ಹೆಂಡತಿ ಓಲ್ಗಾ ರೇಡಿಯೋವನ್ನು ಎಲ್ಲೋ ಬಚ್ಚಿಟ್ಟಳು. ಬೆಳಗಿನ ಪತ್ರಿಕೆಯ ಆಟದ ಪುಟವನ್ನು ಅವನು ಏಳುವ ಮೊದಲೇ ತೆಗೆದು ಅದರ ಮೇಲೆ ತರಕಾರಿ ಹೆಚ್ಚಿಬಿಡುವಳು. ಬೇಸಿಗೆಯೆಲ್ಲ ರೂಡಿ ಬಾವಿಯ ಕಟ್ಟೆಯ ಮೇಲೆ ಬಾಯಾರಿ ಕೂತವನ ಹಾಗೆ ಕೂತಿದ್ದ. ಅದನ್ನು ನೋಡಲಾಗದೆ ಸೇಂಟ್ ಕ್ಲೇರ್ ಕಡೆಯ ಆ ಸ್ಲೊವೇನಿಯನ್ನರ ಬೀದಿಯ ಜನ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವನನ್ನು ಚರ್ಚಿನ ಹಾಲಿಗೆ ಕರೆದು, ಒಂದು ಪೆಟ್ಟಿಗೆ ಕೈಗಿಟ್ಟರು. ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪೇಜರು.

"ಇದ್ರಲ್ಲಿ ಆಟದ ಸ್ಕೋರು ಬರತ್ತೆ," ಎಂದ ಎಡ್ಡಿ. "ಬರೀ ನಂಬರು. ಕೂಗಾಟ ಇಲ್ಲ, ಕಾಮೆಂಟರಿ ಇಲ್ಲ. ನಿನ್ನ ಬಿಪಿಗೆ ಗೊತ್ತೇ ಆಗಲ್ಲ."

ರೂಡಿ ಪೇಜರನ್ನು ಅಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡ. ಎದ್ದು ನಿಂತು ಏನೋ ಹೇಳಲು ಹೋಗಿ, "ನೀವೆಲ್ಲ..." ಎಂದು, ಮುಂದಿನ ಮಾತು ಸಿಗದೆ ಕೂತುಬಿಟ್ಟ. ಉಪಕಾರ ನೆನೆಯುವುದರಲ್ಲಿ ಅವನಿಗೆ ಯಾರೂ ಸಾಟಿಯಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವನ ಕೈಲಾಗದ ಕೆಲಸ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮಿಸೆಸ್ ಪೆರ್ಕೊ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಆಯುಷ್ಯ ಕಳೆದವರು. ನಂಬರುಗಳನ್ನು ಸುಮ್ಮನೆ ಬಿಡುವ ಜಾಯಮಾನ ಅವರದಲ್ಲ. ಆಟದ ಜೊತೆಗೆ ಮನೆಯ ಸುದ್ದಿಯೂ ಇದರಲ್ಲೇ ಬರಲಿ ಎಂದು ಅಲ್ಲೇ ಕೂತು ಸಂಕೇತ ಕಟ್ಟಿದರು. ಸೊನ್ನೆ ಅಂದರೆ ಎಲ್ಲ ಕ್ಷೇಮ. ಒಂದು ಅಂದರೆ ಮಾತ್ರೆ ತಗೊಂಡೆಯಾ. ಎರಡು ಅಂದರೆ ಬರುವಾಗ ಬ್ರೆಡ್ಡು ತಾ. ಮೂರು ಅಂದರೆ ಅತ್ತೆ ಬಂದಿದ್ದಾಳೆ. ನಾಲ್ಕು, ನೆಲಮಾಳಿಗೆಗೆ ನೀರು ನುಗ್ಗಿದೆ. ಐದು, ಮನೆಗೆ ಪಾದ್ರಿಗಳು ಬಂದಿದ್ದಾರೆ. ಆರು, ಎಡ್ಡಿ ಮತ್ತೆ ನಿನ್ನ ಏಣಿ ಒಯ್ದಿದ್ದಾನೆ. ಏಳು, ಇದ್ದ ಹಾಗೇ ಹೊರಟು ಬಾ. ಎರಡು ಸುದ್ದಿ ಒಟ್ಟಿಗೆ ಹೇಳಬೇಕಾದರೆ ನಡುವೆ ಒಂದು ಗೀಟು.

ಆಟದ ಸ್ಕೋರು ಬರುವುದೂ ಹಾಗೇ: ಬೇಸ್‌ಬಾಲಿನ ಒಂಬತ್ತು ಇನಿಂಗ್ಸಿನಲ್ಲಿ ಒಂದೊಂದು ಮುಗಿದಾಗಲೂ ಆವರೆಗಿನ ಒಟ್ಟು ರನ್ನು, ಮೊದಲು ನಮ್ಮವರದು, ಗೀಟು, ಆಮೇಲೆ ಎದುರಿನವರದು. ಎರಡೂ ಒಂದೇ ಥರ ಕಾಣುತ್ತವಲ್ಲ ಎಂದು ರೂಡಿ ಅಳುಕುತ್ತಾ ಕೇಳಿದ್ದಕ್ಕೆ ಮಿಸೆಸ್ ಪೆರ್ಕೊ ಮಗುವಿಗೆ ಹೇಳುವಂತೆ ಹೇಳಿದರು:

"ಈ ವಾರ ಆಟ ಎಲ್ಲಾ ರಾತ್ರೀನೇ ಇದೆ ರೂಡಿ. ಹಗಲು ಬಂದ್ರೆ ಮನೆ, ರಾತ್ರಿ ಬಂದ್ರೆ ಆಟ. ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿದೆ?"

ಏನೂ ಇರಲಿಲ್ಲ, ಮಂಗಳವಾರ ರಾತ್ರಿ ಮಳೆ ಬರುವವರೆಗೆ. ಅಂದಿನ ಆಟ ನಿಂತುಹೋಯಿತು. ನಿಂತ ಆಟವನ್ನು ಮರುದಿನ ಮಧ್ಯಾಹ್ನಕ್ಕೆ ಹಾಕಿ, ಬುಧವಾರದ ಆಟವನ್ನು ಅದರ ಬೆನ್ನಿಗೇ ಆಡುವುದೆಂದು ಗೊತ್ತಾಯಿತು. ಆ ಸುದ್ದಿ ಆಟದ ಪುಟದಲ್ಲಿತ್ತು. ಆಟದ ಪುಟ ಓಲ್ಗಾಳ ಅಡುಗೆಮನೆಯಲ್ಲಿ ಸೇಬಿನ ಸಿಪ್ಪೆಯ ಕೆಳಗಿತ್ತು.

ರೂಡಿ ಈಗ ನಡೆಸುತ್ತಿದ್ದುದು ಚರ್ಚಿನ ವೃದ್ಧಾಶ್ರಮದ ವ್ಯಾನು. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಹಿಡಿದ ಕೆಲಸ. ಆ ಬುಧವಾರ ಆರು ಜನ ಅಜ್ಜಿಯರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅವರ ಪೈಕಿ ನಾಲ್ವರು ವ್ಯಾನು ಹೊರಟ ಕೂಡಲೇ ನಿದ್ದೆ ಹೋಗುವವರು. ಎಚ್ಚರವಾಗಿರುವವರು ಇಬ್ಬರು. ಆಲ್ಬಿನಾ ಅಜ್ಜಿಗೆ ಯಾರಾದರೂ ಕೆಮ್ಮಿದರೆ ಅವರ ಶವಪೆಟ್ಟಿಗೆ ಕಣ್ಣಿಗೆ ಕಟ್ಟುತ್ತಿತ್ತು. ಸ್ಟೆಫಿ ಅಜ್ಜಿಗೆ ಏನು ಕೇಳಿದರೂ ಊಟ ನೆನಪಾಗುತ್ತಿತ್ತು.

ಆಸ್ಪತ್ರೆಯ ದಾರಿಯಲ್ಲಿ ಪೇಜರು ಕೂಗಿತು. ರೂಡಿ ವ್ಯಾನು ಪಕ್ಕಕ್ಕೆ ನಿಲ್ಲಿಸಿ ನೋಡಿದ. 0-1. ಎಲ್ಲ ಕ್ಷೇಮ, ಮಾತ್ರೆ ತಗೊಂಡೆಯಾ. ಜೇಬು ಮುಟ್ಟಿ ನೋಡಿಕೊಂಡರೆ ಬೆಳಗಿನ ಮಾತ್ರೆ ಹಾಗೇ ಇತ್ತು. ನುಂಗಿದ. ಎಂಥ ಹೆಂಡತಿ, ಎಂಥ ನೆರೆಹೊರೆ ಎಂದು ಮನಸ್ಸು ತುಂಬಿ ಬಂತು. ಎಚ್ಚರವಿದ್ದ ಇಬ್ಬರು ಅಜ್ಜಿಯರಿಗೂ ಸಂಕೇತವನ್ನೆಲ್ಲ ಬಿಡಿಸಿ ಹೇಳಿದ.

ಅಜ್ಜಿಯರನ್ನು ಆಸ್ಪತ್ರೆಯಲ್ಲಿ ಇಳಿಸುವಷ್ಟರಲ್ಲಿ 0-2. ಬ್ರೆಡ್ಡು. ಬೇಕರಿ ಅಲ್ಲೇ ತಿರುವಿನಲ್ಲಿತ್ತು. ಎರಡು ರೈ ಬ್ರೆಡ್ಡು ತಂದಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ 0-2. ತಂದದ್ದು ಸಾಲದೇನೋ ಎಂದು ಇನ್ನೆರಡು ತಂದ. ಆಲ್ಬಿನಾ ಅಜ್ಜಿಯ ಕಣ್ಣಿಗೆ ಡಾಕ್ಟರು ಹನಿ ಹಾಕುತ್ತಿರುವಾಗ ಮೂರನೆಯ ಸಲ 0-2. ಬೇಕರಿಯವನು ಈ ಸಲ ಬ್ರೆಡ್ಡು ಕೊಡುವ ಮೊದಲು ರೂಡಿಯ ಮುಖವನ್ನೇ ನೋಡಿ, ಮನೆಯಲ್ಲಿ ಏನಾದರೂ ವಿಶೇಷವೇ ಎಂದು ವಿಚಾರಿಸಿದ. ರೂಡಿಗೂ ಅದೇ ಗೊತ್ತಾಗಬೇಕಿತ್ತು.

ಆರು ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ಸ್ಟೆಫಿ ಅಜ್ಜಿ ಯೋಚಿಸಿದಳು. ಓಲ್ಗಾ ಎಲ್ಲ ಕ್ಷೇಮ ಅನ್ನುತ್ತಾಳೆ, ಬ್ರೆಡ್ಡು ಮಾತ್ರ ಕೇಳುತ್ತಲೇ ಇದ್ದಾಳೆ. ಹಾಗಿದ್ದರೆ ಮನೆಗೆ ನೆಂಟರು ಬಂದಿರಬೇಕು, ತಿನ್ನುವ ನೆಂಟರು. ಅವಳು ಹಾಗೆ ಹೇಳಿ ಮುಗಿಸುವ ಮೊದಲೇ ಪೇಜರು ಕೂಗಿತು. 3-2. ಅತ್ತೆ ಬಂದಿದ್ದಾಳೆ, ಬ್ರೆಡ್ಡು ತಾ.

ಸ್ಟೆಫಿ ಅಜ್ಜಿ ಗೆದ್ದವಳಂತೆ ಬ್ರೆಡ್ಡಿನ ಬೆನ್ನು ತಟ್ಟಿದಳು. ರೂಡಿ ಮಾತ್ರ ಸಣ್ಣಗಾದ. ಪಕ್ಕದ ಊರು ಯೂಕ್ಲಿಡ್‌ನಲ್ಲಿ ಒಂಟಿಯಾಗಿದ್ದ ಅತ್ತೆ ಹೇಳದೆ ಕೇಳದೆ ಬಂದಳೆಂದರೆ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣ ಸಾಮಾನ್ಯವಾಗಿ ರೂಡಿಯೇ ಆಗಿರುತ್ತಾನೆ.

ಮುಂದಿನದು 3-4. ಅತ್ತೆ, ನೆಲಮಾಳಿಗೆಯಲ್ಲಿ ನೀರು.

"ರಾತ್ರಿ ಮಳೆ ಬಂದಿತ್ತಲ್ಲ," ಎಂದಳು ಆಲ್ಬಿನಾ ಅಜ್ಜಿ. ಔಷಧದ ಹನಿಯಿಂದ ಅವಳ ಕಣ್ಣಿನ ಪಾಪೆಗಳು ಗೂಬೆಯ ಕಣ್ಣಿನಷ್ಟು ಅಗಲವಾಗಿದ್ದವು. "ವಯಸ್ಸಾದವ್ರು, ಒದ್ದೆ ಮೆಟ್ಟಿಲು. ನಾನೇನೂ ಹೇಳಲ್ಲಪ್ಪ."

ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿತ್ತು. ರೂಡಿ ಆಸ್ಪತ್ರೆಯ ಗೋಡೆಯ ಫೋನಿನಿಂದ ಮನೆಗೆ ಮಾಡಿದ. ಎಂಗೇಜು. ಮತ್ತೆ ಮಾಡಿದ. ಎಂಗೇಜು. ಮಿಸೆಸ್ ಪೆರ್ಕೊ ಮನೆಯಲ್ಲಿ ಗಂಟೆ ಬಾರಿಸಿತು, ಎತ್ತುವವರಿಲ್ಲ. ಯೂಕ್ಲಿಡ್‌ಗೆ ಮಾಡಿದ, ಅತ್ತೆಯ ಮನೆಯಲ್ಲೂ ಯಾರೂ ಇಲ್ಲ. ಅಲ್ಲಿ ಇಲ್ಲವೆಂದ ಮೇಲೆ ಇಲ್ಲೇ ಇರಬೇಕು. ಅವನು ಫೋನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ಸೊಂಟದಲ್ಲಿ ಪೇಜರು ಮಿಡುಕಿತು. 3-5.

ಅತ್ತೆ. ಪಾದ್ರಿಗಳು.

ರೂಡಿ ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಆಲ್ಬಿನಾ ಅಜ್ಜಿ ಅವನ ಮುಖ ನೋಡಿದಳು, ಬಗ್ಗಿ ಪೇಜರು ನೋಡಿದಳು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮುದುಕಿ ಬಂದಳು, ನೀರಿನಲ್ಲಿ ಜಾರಿದಳು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಲು ಪಾದ್ರಿಗಳನ್ನು ಕರೆಸಿದ್ದಾರೆ. ಇಷ್ಟು ಸ್ಪಷ್ಟವಾದ ಸಾವನ್ನು ಅವಳು ಈಚೆಗೆ ಕಂಡಿರಲಿಲ್ಲ. ರೂಡಿ ಉಳಿದವರನ್ನು ವ್ಯಾನಿಗೆ ಹತ್ತಿಸುತ್ತಿದ್ದಾಗ ಅವಳು ಅದೇ ಫೋನಿನಿಂದ ಯೂಕ್ಲಿಡ್‌ನ ತನ್ನ ತಂಗಿಗೆ ಸುದ್ದಿ ಮುಟ್ಟಿಸಿದಳು. ತಂಗಿಯ ಮನೆ ಯುಸ್ತಿನಾಳ ಮನೆಯ ಎದುರಿಗೇ ಇತ್ತು.

ವ್ಯಾನು ಹೊರಟಿತು. ರೂಡಿಗೆ ದಾರಿ ಮಂಜಾಗಿ ಕಂಡಿತು. ಸ್ಟೆಫಿ ಅಜ್ಜಿ ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟು, ಒಳ್ಳೆಯ ಹೆಂಗಸೇನಪ್ಪ ಎಂದು ಕೇಳಿದಳು. ಮೂವತ್ತು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು.

"ಕಾರ್ಖಾನೆ ಮುಷ್ಕರ ಆದಾಗ ಮನೇಲಿ ಏನೂ ಇರ್ಲಿಲ್ಲ ಅಜ್ಜಿ. ಪ್ರತಿ ಶನಿವಾರ ಬೆಳಿಗ್ಗೆ ಬಾಗಿಲು ತೆಗೆದ್ರೆ ಜಗಲಿ ಮೇಲೆ ಹುರುಳಿಕಾಯಿ ಸೂಪು, ಬಿಸಿಬಿಸಿ. ಬೆಲ್ ಒತ್ತುತಾ ಇರ್ಲಿಲ್ಲ. ನನಗೆ ನಾಚ್ಕೆ ಆಗ್ಬಾರ್ದು ಅಂತ. ಭಾನುವಾರ ಚರ್ಚಲ್ಲಿ ಸಿಕ್ಕಿದ್ರೆ ಏನೂ ಗೊತ್ತಿಲ್ದೋರ ಥರ, ಟೈ ಸರಿಯಾಗಿ ಕಟ್ಕೊಳೋ ಅಂತ ಬಯ್ಯೋರು. ನನ್ನ ಹೆತ್ತೋಳೂ ಅಷ್ಟು ಮಾಡ್ಲಿಲ್ಲ. ಆಸ್ಪತ್ರೆಲಿ ಕಣ್ಣು ಬಿಟ್ಟಾಗ ಅವರ ಮುಖ ಕಂಡೇ ನಾನು ಬದುಕಿದೀನಿ ಅಂತ ಧೈರ್ಯ ಬಂದಿದ್ದು. ಒಂದು ಸಲಾನೂ ಹೇಳ್ಲಿಲ್ಲ. ಇನ್ನು ಯಾರಿಗೆ ಹೇಳ್ಲಿ?"

ನಿದ್ದೆಯಲ್ಲಿದ್ದ ನಾಲ್ವರೂ ಎದ್ದು ಮೂಗೊರೆಸಿಕೊಳ್ಳತೊಡಗಿದರು. ಪೇಜರು ಕೂಗಿತು: 7-5. ಇದ್ದ ಹಾಗೇ ಹೊರಟು ಬಾ, ಪಾದ್ರಿಗಳಿದ್ದಾರೆ. ಎಂದೂ ವೇಗದ ಮಿತಿ ದಾಟದ ಆ ವ್ಯಾನು ಅಂದು ಜಪಮಾಲೆಯ ಪ್ರಾರ್ಥನೆ ಹೇಳುತ್ತಾ ತಿರುವುಗಳಲ್ಲಿ ಓಲಾಡುತ್ತಾ ಹಾರಿತು. ಮನೆಯ ಬೀದಿಗೆ ತಿರುಗುವಾಗ ಇನ್ನೊಂದು 7-5. ಎಲ್ಲ ಮುಗಿಯಿತೆಂದು ರೂಡಿ ಟೋಪಿ ತೆಗೆದುಬಿಟ್ಟ.

ಮನೆಯೊಳಗೆ ಓಲ್ಗಾ ಸೇಬು ತುಂಬಿ ಸುತ್ತಿ ಬೇಯಿಸುವ ಸ್ಟ್ರೂಡಲ್ ಮಾಡುತ್ತಿದ್ದಳು. ಅದರ ಹಿಟ್ಟನ್ನು ಊಟದ ಮೇಜಿನ ತುಂಬ, ಅದರಾಚೆಗಿನ ಪತ್ರಿಕೆಯನ್ನು ಓದುವಷ್ಟು ತೆಳ್ಳಗೆ ಎಳೆಯಬೇಕು. ನಡುವೆ ಕೈ ಬಿಟ್ಟರೆ ಹರಿಯುತ್ತದೆ. ಅದಕ್ಕೇ ಅವಳು ಫೋನಿನ ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟಿದ್ದಳು. ಬಾಗಿಲು ತೆರೆಯಿತು. ಗಂಡ ಟೋಪಿಯನ್ನು ಎದೆಗೊತ್ತಿಕೊಂಡು ಒಳಗೆ ಬಂದ. ಅವನ ಹಿಂದೆ ಆರು ಮುದುಕಿಯರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರೈ ಬ್ರೆಡ್ಡು, ಕೆಲವರ ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಬಂದವರೇ ಸಾಲಾಗಿ ಮಂಡಿಯೂರಿದರು.

"ಎಲ್ಲಿ ಮಲಗಿಸಿದೀರ?" ಎಂದು ರೂಡಿ ಪಿಸುಗುಟ್ಟಿದ.

"ಯಾರನ್ನ?"

"ಅತ್ತೇನ."

ಹಿಟ್ಟು ನಟ್ಟನಡುವೆ ಹರಿಯಿತು. ಓಲ್ಗಾ ಗಂಡನ ಮೇಲೆ ಹರಿಹಾಯ್ದಳು. ಬೆಳಿಗ್ಗೆ ಮಾತಾಡಿದಾಗ ಅಮ್ಮ ಚೆನ್ನಾಗಿದ್ದಳು, ಎಲ್ಲೋ ಹೊರಗೆ ಹೋಗುವುದಿದೆ ಅಂದಿದ್ದಳು. ಅವಳು ಬಂದೂ ಇಲ್ಲ, ಬಿದ್ದೂ ಇಲ್ಲ. ಪಾದ್ರಿಗಳು ಊರಲ್ಲೇ ಇಲ್ಲ. ನೆಲಮಾಳಿಗೆ ಒಣಗಿ ಬಿಸ್ಕತ್ತಿನ ಹಾಗಿದೆ. ಇವಳು ಹೀಗೆ, ಅವನು ಹಾಗೆ ಹೇಳುತ್ತಿರುವಾಗ ಎದುರುಮನೆಯಿಂದ ಎಡ್ಡಿಯೂ ಮಿಸೆಸ್ ಪೆರ್ಕೊ ಅವರೂ ಬಂದರು. ಅವರು ಇಷ್ಟು ಹೊತ್ತೂ ಎಡ್ಡಿಯ ಜಗಲಿಯ ಮೇಲೆ ರೇಡಿಯೋ ಕೇಳುತ್ತಿದ್ದರು. ಎಡ್ಡಿ ಮಂಡಿಯೂರಿದ ಮುದುಕಿಯರನ್ನು ಗಮನಿಸದೆ, ಖುಷಿಯಲ್ಲಿ ರೂಡಿಯ ಬೆನ್ನಿಗೊಂದು ಗುದ್ದಿದ.

"ಏಳು-ಐದು. ನೋಡಿದ್ಯೇನೋ? ಒಂದೇ ಇನಿಂಗ್ಸಲ್ಲಿ ನಾಲ್ಕು ರನ್ನು."

ಮಿಸೆಸ್ ಪೆರ್ಕೊ ಪೇಜರನ್ನು ಈಸಿಕೊಂಡು ಗುಂಡಿ ಒತ್ತುತ್ತಾ ಹಿಂದಿನ ನಂಬರುಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ, ತಪ್ಪು ಊರಿಗೆ ಲೈನು ಕೊಟ್ಟ ಆಪರೇಟರಿನ ದನಿಯಲ್ಲಿ, ಇದರಲ್ಲಿ ಒಂದೂ ಮನೆಯ ಸುದ್ದಿಯಲ್ಲ, ಎಲ್ಲ ಆಟದ್ದೇ ಎಂದರು.

ಮುದುಕಿಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಆಮೇಲೆ ಓಲ್ಗಾ ಕುರ್ಚಿಯ ಮೇಲೆ ಕುಸಿದು, ಹಿಟ್ಟಿನ ಕೈಯಲ್ಲೇ ಹಣೆ ಹಿಡಿದುಕೊಂಡಳು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನಾನ ಕೇಳಿದ್ದೆ. ಕರು ಹುಟ್ಟೋ ಮೊದ್ಲೇ ಸಮಾಧಿ ಮಾಡೋರನ್ನ ಇವತ್ತೇ ನೋಡಿದ್ದು."

ರೂಡಿ ನಕ್ಕ, ಅತ್ತ, ಮತ್ತೆ ನಕ್ಕ. ಅತ್ತೆ ಬದುಕಿದ್ದಾಳೆ, ತಂಡ ಗೆದ್ದಿದೆ, ಮನೆಯಲ್ಲಿ ಆರು ಬ್ರೆಡ್ಡಿದೆ. ಇದಕ್ಕಿಂತ ಒಳ್ಳೆಯ ದಿನ ಯಾವುದು? ಎಲ್ಲರಿಗೂ ಕೈ ಕುಲುಕಿ, ಮಿಸೆಸ್ ಪೆರ್ಕೊಗಂತೂ ಎರಡು ಸಲ ಕುಲುಕಿ, ಅಜ್ಜಿಯರನ್ನು ವ್ಯಾನಿಗೆ ಕರೆದ. ಐವರು ಹತ್ತಿದರು. ತೇಪೆ ಹಾಕಿದ ಸ್ಟ್ರೂಡಲ್ ಒಲೆಯಿಂದ ಬರುವ ತನಕ ತಾನು ಬರುವುದಿಲ್ಲವೆಂದು ಸ್ಟೆಫಿ ಅಜ್ಜಿ ಅಡುಗೆಮನೆಯಲ್ಲೇ ಬೇರುಬಿಟ್ಟಳು. ಸಂಜೆ ಎಡ್ಡಿ ಬಿಟ್ಟುಬರಲಿ ಎಂದಾಯಿತು.

ವೃದ್ಧಾಶ್ರಮದ ದಾರಿಯಲ್ಲಿ ಮೋಡ ಕವಿದು ಗಾಜಿನ ಮೇಲೆ ಹನಿಯೊಡೆಯಿತು. ಆಲ್ಬಿನಾ ಅಜ್ಜಿ ಒಂದು ಒಳ್ಳೆಯ ಸಾವು ಕೈತಪ್ಪಿದ ಬೇಸರದಲ್ಲಿ ಕಿಟಕಿಯಾಚೆ ನೋಡುತ್ತಿದ್ದಳು. ಆಗ ಪೇಜರು ಕೂಗಿತು. ಎಡ್ಡಿ ಹೇಳಿದ್ದ, ಇನ್ನೊಂದು ಆಟ ಇದರ ಬೆನ್ನಿಗೇ ಇದೆ ಎಂದು. ರೂಡಿ ಈ ಸಲ ವ್ಯಾನು ನಿಲ್ಲಿಸದೆ, ಕೆಂಪು ದೀಪ ಬಂದಾಗ ನಿಧಾನವಾಗಿ ನೋಡಿದ.

3-7.

"ಅಯ್ಯೋ ಪಾಪ," ಎಂದ. "ಮೊದಲ್ನೇ ಇನಿಂಗ್ಸಲ್ಲೇ ಏಳು ಕೊಟ್ಟಿದಾರೆ. ಇದು ಹೋಯ್ತು ಬಿಡಿ."

ಸೋಲುವ ಆಟಕ್ಕೆ ಅವಸರವೇನು? ಆಶ್ರಮದಲ್ಲಿ ಅಜ್ಜಿಯರ ಚೀಲಗಳನ್ನು ಕೋಣೆಗಳಿಗೆ ಮುಟ್ಟಿಸಿದ. ಕಾಫಿ ಕೊಟ್ಟರು, ಕುಡಿದ. ಇನ್ನೊಂದು ಲೋಟ ಕೊಟ್ಟರು, ಅದನ್ನೂ ಕುಡಿದ. ನಡುವೆ ಮತ್ತೆ 3-7, ಇನ್ನೊಂದು ಸಲ 3-7. ನಮ್ಮವರೂ ಹೊಡೆಯುತ್ತಿಲ್ಲ, ಅವರೂ ಹೊಡೆಯುತ್ತಿಲ್ಲ, ಎಂಥ ನೀರಸ ಆಟ ಎಂದುಕೊಂಡ. ಡಾಕ್ಟರು ನೋಡಿದ್ದರೆ ಅವನ ರಕ್ತದೊತ್ತಡಕ್ಕೆ ಬಹುಮಾನ ಕೊಡುತ್ತಿದ್ದರು. ಕಾವಲುಗಾರನ ಜೊತೆ ಒಂದು ಆಟ ಇಸ್ಪೀಟು ಆಡಿ, ಮಳೆ ಬಿಟ್ಟ ಮೇಲೆ ಮನೆಯ ಕಡೆ ಹೊರಟ.

ಬೀದಿಯಲ್ಲಿ ಎಡ್ಡಿ ತನ್ನ ಜಗಲಿಯ ನೀರು ಗುಡಿಸುತ್ತಿದ್ದ. ರೂಡಿ ವ್ಯಾನಿನಿಂದ ತಲೆ ಹೊರಹಾಕಿ, ಎರಡನೇ ಆಟ ಏನಾಯಿತು, ಮೂರರ ಮೇಲೆ ಏರಿದರೋ ಇಲ್ಲವೋ ಎಂದು ಕೇಳಿದ.

"ಯಾವ ಎರಡನೇ ಆಟ?" ಎಂದ ಎಡ್ಡಿ. "ಮಳೆ ಬಂತಲ್ಲೋ. ಶುರುವೇ ಆಗ್ಲಿಲ್ಲ."

ರೂಡಿ ಪೇಜರನ್ನು ಕೈಗೆತ್ತಿಕೊಂಡು ನೋಡಿದ. ಮೂರು. ಏಳು. ಆಮೇಲೆ ತಲೆಯೆತ್ತಿ ತನ್ನ ಜಗಲಿಯ ಕಡೆ ನೋಡಿದ. ಅಲ್ಲಿ ಎರಡು ಹಳೆಯ ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ ಮತ್ತು ಓಲ್ಗಾ ಇದ್ದರು. ಓಲ್ಗಾ ಸೂಟ್‌ಕೇಸಿನ ಮೇಲೆ ಕೂತಿದ್ದಳು.

ನಡೆದದ್ದನ್ನು ಅವಳು ತಗ್ಗಿದ ದನಿಯಲ್ಲಿ, ಹಲ್ಲಿನ ಸಂದಿಯಿಂದ ಹೇಳಿದಳು. ಅಮ್ಮ ಬೆಳಿಗ್ಗೆ ಹೋಗಿದ್ದು ಟ್ರಾವೆಲ್ ಏಜೆಂಟನ ಹತ್ತಿರ. ಅರಿಜೋನಾದಲ್ಲಿರುವ ಮಗ ಲೋಯ್ಜೆ ಎಷ್ಟೋ ವರ್ಷದಿಂದ ಇಲ್ಲಿಗೆ ಬಂದಿರು ಎಂದು ಕರೆಯುತ್ತಿದ್ದ. ಇಲ್ಲಿ ತಾನು ಇದ್ದರೂ ಒಂದೇ ಹೋದರೂ ಒಂದೇ ಎಂದುಕೊಂಡು ಅವಳು ಕೊನೆಗೂ ಒಪ್ಪಿ, ಮನೆಯನ್ನು ಬಾಡಿಗೆಗೆ ಗೊತ್ತುಮಾಡಿ, ನಾಳೆಯ ವಿಮಾನಕ್ಕೆ ಟಿಕೆಟು ತಂದಿದ್ದಳು. ಹೊರಡುವ ದಿನ ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಬೇಕೆಂದಿದ್ದಳು. ಟಿಕೆಟು ಹಿಡಿದು ಮನೆಗೆ ಬಂದರೆ ಎದುರುಮನೆಯಾಕೆ, ಆಲ್ಬಿನಾಳ ತಂಗಿ, ಇವಳನ್ನು ಕಂಡು ಚೀರಿ ಬಾಗಿಲು ಹಾಕಿಕೊಂಡಳು. ಬಾಗಿಲಿನ ಸಂದಿಯಿಂದ ತನ್ನ ಸಾವಿನ ಸುದ್ದಿ ಕೇಳಿದವಳು ಕೂಡಲೇ ಟ್ಯಾಕ್ಸಿ ಹಿಡಿದು, ಕಟ್ಟಿಟ್ಟ ಸಾಮಾನಿನ ಸಮೇತ ಇಲ್ಲಿಗೆ ಬಂದಳು.

"ಅದೆಲ್ಲಾ ನಂಬರಿನ ಎಡವಟ್ಟು ಅಂತ ನಾನು ಹೇಳಿದ್ರೆ ನಂಬ್ತಿದ್ಲು," ಎಂದಳು ಓಲ್ಗಾ. "ಆದ್ರೆ ಅಡುಗೆಮನೇಲಿ ನಿನ್ನ ಸ್ಟೆಫಿ ಅಜ್ಜಿ ಕೂತಿದ್ಲಲ್ಲ. ವ್ಯಾನಲ್ಲಿ ನೀನು ಹೇಳಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸಿದ್ಲು. ಅತ್ತಿದ್ದನ್ನೂ ಅತ್ತು ತೋರಿಸಿದ್ಲು. ಅಮ್ಮ ಹೇಳಿದ್ಲು, ರೂಡಿ ಬರ್ಲಿ, ಇದೆಲ್ಲ ಗಾಬರಿ ಮಾತು ಅಂದ್ರೆ ನಾಳೆ ಹೊರಡ್ತೀನಿ, ನಿಜ ಅಂದ್ರೆ ಇಲ್ಲೇ ಇರ್ತೀನಿ ಅಂತ. ಮೂರು ಸಲ ಕರೆದೆ ನಿನ್ನ. ಅತ್ತೆ ಬಂದಿದಾರೆ, ಇದ್ದ ಹಾಗೇ ಬಾ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು?"

"ನಾನು... ನಾವು ಸೋಲ್ತಾ ಇದೀವಿ ಅಂದ್ಕೊಂಡೆ."

"ಸೋತ್ವಿ," ಎಂದಳು ಓಲ್ಗಾ. "ಕಾದು ಕಾದು ಅವಳೇ ಲೋಯ್ಜೆಗೆ ಫೋನು ಮಾಡಿ ಬರಲ್ಲ ಅಂದುಬಿಟ್ಲು. ಅಮ್ಮ ಅಂದ್ರೆ ನನಗೂ ಪ್ರಾಣಾನೇ ರೂಡಿ. ಆದ್ರೆ ಒಂದೇ ಅಡುಗೆಮನೇಲಿ ಅಲ್ಲ. ಒಳಗೆ ಹೋಗು. ಟಿಕೆಟು ಇನ್ನೂ ಹರಿದಿಲ್ಲ. ಕೇಳಿದ್ರೆ ಏನು ಹೇಳ್ಬೇಕು ಅಂತ ಗೊತ್ತಲ್ಲ?"

ಗೊತ್ತಿತ್ತು. ರೂಡಿ ಒಳಗೆ ಹೋದ. ಅತ್ತೆ ಯುಸ್ತಿನಾ ಕಿಟಕಿಯ ಬಳಿ ಅವನ ಕುರ್ಚಿಯ ಮೇಲೆ, ಕೋಟು ಬಿಚ್ಚದೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಬದುಕಿದ್ದಾಳೆ ಎಂದು ಎಲ್ಲರೂ ಹೇಳಿದ್ದರೂ, ಕಣ್ಣಾರೆ ಕಂಡಾಗಲೇ ಅವನಿಗೆ ಪೂರ್ತಿ ನಂಬಿಕೆ ಬಂದದ್ದು. ಮೇಜಿನ ಅಂಚು ಹಿಡಿದು ನಿಂತ.

"ಆ ಹೆಂಗಸು ಏನೇನೋ ಹೇಳಿದ್ಲು," ಎಂದಳು ಅತ್ತೆ, ಅವನ ಕಡೆ ನೋಡದೆ. "ಸೂಪು, ಆಸ್ಪತ್ರೆ, ಇನ್ನೂ ಏನೇನೋ. ಭಯದಲ್ಲಿ ಮನುಷ್ಯರು ಏನಾದ್ರೂ ಅಂತಾರೆ. ನಿಜವೇನೋ ಅದು?"

ಬಾಗಿಲಲ್ಲಿ ಓಲ್ಗಾ ಬಂದು ನಿಂತಿದ್ದಳು. ಅವಳ ಹುಬ್ಬು ಮಾತಾಡುತ್ತಿತ್ತು. ಒಂದೇ ಒಂದು ಮಾತು ಸಾಕಿತ್ತು: ಗಾಬರಿಯಲ್ಲಿ ಅಂದೆ ಅತ್ತೆ. ಅಷ್ಟಂದರೆ ನಾಳೆ ವಿಮಾನ ಹಾರುತ್ತದೆ, ಕಿಟಕಿಯ ಬಳಿಯ ಕುರ್ಚಿ ಉಳಿಯುತ್ತದೆ, ಮನೆ ಮನೆಯಾಗಿರುತ್ತದೆ. ರೂಡಿ ಆ ಮಾತನ್ನು ಹೇಳಲೆಂದೇ ಬಾಯಿ ತೆರೆದ. ಅತ್ತೆಯ ಕೈಗಳು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದುದು ಕಣ್ಣಿಗೆ ಬಿತ್ತು.

"ನಿಜ ಅತ್ತೆ," ಎಂದ. "ಎಲ್ಲಾ ನಿಜ."

ಓಲ್ಗಾ ಹುಬ್ಬಿಳಿಸಿ ಗೋಡೆಯ ಕಡೆ ತಿರುಗಿದಳು. ಮುಖ ಕಾಣಲಿಲ್ಲ, ಸೆರಗಂಚಿನಂತೆ ಏಪ್ರನ್ನಿನ ತುದಿ ಕಣ್ಣಿಗೆ ಹೋದದ್ದು ಮಾತ್ರ ಕಾಣಿಸಿತು. ಅತ್ತೆ ಕೈಚೀಲವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎದ್ದು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೋಣೆಯನ್ನು ಒಂದು ಸುತ್ತು ನೋಡಿದಳು.

"ಈ ಕುರ್ಚಿ ಜಗಲಿಗೆ ಹೋಗ್ಲಿ. ನನ್ನ ಮಂಚ ಈ ಕಿಟಕಿ ಕೆಳಗೇ ಬೇಕು. ನೀನು ಎತ್ತಬೇಡ, ಎಡ್ಡಿನ ಕರಿ. ಬೆಳಿಗ್ಗೆ ಐದಕ್ಕೆ ಏಳೋ ಅಭ್ಯಾಸ ನನಗೆ, ನೀವೂ ರೂಢಿ ಮಾಡ್ಕೊಳ್ಳಿ."

ಅಷ್ಟು ಹೇಳಿ, ಅಡುಗೆಮನೆಗೆ ಹೋಗಿ, ಸ್ಟೆಫಿ ಅಜ್ಜಿ ತಿಂದು ಉಳಿಸಿದ್ದ ಸ್ಟ್ರೂಡಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡನ್ನು ತಟ್ಟೆಗೆ ಹಾಕಿ ತಂದು ಅಳಿಯನ ಮುಂದಿಟ್ಟಳು. ರೂಡಿ ಚಮಚ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಇವತ್ತೊಂದು ದಿನವಾದರೂ ನೆಟ್ಟಗೆ ಹೇಳಿಬಿಡೋಣ ಎಂದು ತಲೆಯೆತ್ತಿದ.

"ಬಾಯಿ ಮುಚ್ಕೊಂಡು ತಿನ್ನು," ಎಂದಳು ಅತ್ತೆ. "ಇವತ್ತು ಮಾತಾಡಿದ್ದು ಸಾಕು."